ಮಂಡಿ ಊದಿದ್ದು ಎಷ್ಟು ಹೊತ್ತಿಗೆ? ಪೆಟ್ಟು ಬಿದ್ದ ಕೀಲಿನೊಳಗೆ ರಕ್ತ ತುಂಬಿದಾಗ ಮಾಡಬೇಕಾದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಹೋದ ವಾರ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ತಮ್ಮ ಪಿಯುಸಿ ಓದ್ತಿದ್ದಾನೆ, ಕಬಡ್ಡಿ ಆಡ್ತಾನೆ. ರೈಡ್‌ಗೆ ಹೋದವನು ವಾಪಸ್ ತಿರುಗುವಾಗ ಪಾದ ನೆಲದಲ್ಲೇ ಉಳೀತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ‘ಟಪ್’ ಅಂತ ಶಬ್ದ ಬಂತಂತೆ. ಒಂದೂವರೆ ಗಂಟೆಯೊಳಗೆ ಮಂಡಿ ತೆಂಗಿನಕಾಯಿ ಥರ ಊದಿಕೊಂಡಿತು. ಎಕ್ಸ್‌ರೇ ತೆಗೆಸಿದ್ರು, ಮೂಳೆ ಮುರಿದಿಲ್ಲ ಅಂದ್ರು. ಈಗ ಮನೇಲಿ ಅಜ್ಜಿ ಎಣ್ಣೆ ಬಿಸಿ ಮಾಡ್ತಿದ್ದಾರೆ, ಚಿಕ್ಕಪ್ಪ ಪುತ್ತೂರು ಕಟ್ಟು ಹಾಕಿಸೋಣ ಅಂತಿದ್ದಾರೆ. ಅವರ ಪ್ರಶ್ನೆ ಇಷ್ಟೇ: “ಮೂಳೆ ಸರಿ ಇದೆಯಲ್ಲ, ಊತ ತಾನಾಗೇ ಇಳಿಯುತ್ತೆ ಅಲ್ವಾ?”

ಉತ್ತರ ಮೊದಲೇ ಹೇಳಿಬಿಡ್ತೀನಿ. ಊತ ಇಳಿಯುತ್ತೆ, ಬಹುತೇಕ ಇಳಿದೇ ಇಳಿಯುತ್ತೆ. ತೊಂದರೆ ಶುರುವಾಗೋದೂ ಅಲ್ಲೇ. ಊತ ಇಳಿದ ಕೂಡಲೇ ಎಲ್ಲರೂ ಗಾಯ ವಾಸಿ ಆಯ್ತು ಅಂದುಕೊಳ್ತಾರೆ. ಆದ್ರೆ ಅಷ್ಟು ಬೇಗ ಅಷ್ಟು ಊದಿದ ಮಂಡಿಯೊಳಗೆ ಇರೋದು ಸಾಮಾನ್ಯವಾಗಿ ರಕ್ತ. ರಕ್ತ ಬಂದಿದೆ ಅಂದ್ರೆ ಒಳಗೆ ಏನೋ ಹರಿದಿದೆ ಅಂತ ಅರ್ಥ. ಅದೇನು ಅಂತ ಪತ್ತೆ ಹಚ್ಚೋದು ಚಿಕಿತ್ಸೆಯ ಅರ್ಧ ಭಾಗ.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಇದನ್ನ ಕೇಳಿ ನಿಮ್ಮ ಮಂಡಿಗೆ ನೀವೇ ಡಾಕ್ಟರ್ ಆಗಬೇಡಿ. ಆಸ್ಪತ್ರೆಗೆ ಯಾವಾಗ ಓಡಬೇಕು, ಅಲ್ಲಿ ಏನು ಕೇಳಬೇಕು, ಮನೇಲಿ ಏನು ಮಾಡಬಾರದು, ಇಷ್ಟು ತಿಳಿದರೆ ಸಾಕು.

ಮಂಡಿ ಒಂದು ಮುಚ್ಚಿದ ಚೀಲ

ತೊಡೆ ಮೂಳೆ ಮತ್ತು ಕಣಕಾಲಿನ ಮೂಳೆ ಸೇರೋ ಜಾಗ, ಮುಂದೆ ಮಂಡಿಚಿಪ್ಪು. ಇವೆಲ್ಲ ಸೇರಿದ ಕೀಲಿನ ಸುತ್ತ ಒಂದು ಚೀಲ ಇರುತ್ತೆ. ಚೀಲದ ಒಳಗೋಡೆಯಲ್ಲಿ ತೆಳುವಾದ ಪೊರೆ, ಅದನ್ನ ಸೈನೋವಿಯಂ ಅಂತಾರೆ. ಕೀಲು ಸಲೀಸಾಗಿ ಆಡೋದಕ್ಕೆ ಬೇಕಾದ ಜಿಗುಟು ದ್ರವ ಇಲ್ಲೇ ತಯಾರಾಗೋದು. ಆರೋಗ್ಯವಂತ ಮಂಡಿಯಲ್ಲಿ ಈ ದ್ರವ ಕೆಲವೇ ಮಿಲಿಲೀಟರ್, ಒಂದು ಟೀ ಚಮಚದಷ್ಟೂ ಇರಲ್ಲ.

ಪೆಟ್ಟು ಬಿದ್ದಾಗ ಈ ಚೀಲದೊಳಗಿನ ರಕ್ತನಾಳ ಹರಿದರೆ ರಕ್ತ ಹೊರಗೆ ಹೋಗೋಕೆ ದಾರಿ ಇಲ್ಲ. ಅಲ್ಲೇ ತುಂಬಿಕೊಳ್ಳುತ್ತೆ. 50, 100 ಮಿಲಿಲೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ. ವೈದ್ಯರು ಇದನ್ನ ಹೀಮಾರ್ಥ್ರೋಸಿಸ್ ಅಂತ ಬರೀತಾರೆ. ನಾವು ‘ಕೀಲಿನೊಳಗೆ ರಕ್ತ’ ಅಂದುಕೊಂಡ್ರೆ ಸಾಕು. ಚರ್ಮದ ಮೇಲೆ ನೀಲಿಗಟ್ಟೋದು ಬೇರೆ, ಇದು ಬೇರೆ. ಮೇಲಿನಿಂದ ಒಂದು ಗೀರೂ ಇಲ್ಲದೆ, ಬಣ್ಣ ಬದಲಾಗದೆ, ಒಳಗೆ ಲೋಟದಷ್ಟು ರಕ್ತ ನಿಂತಿರಬಹುದು. ಮಂಡಿಚಿಪ್ಪಿನ ಮೇಲಿನ ಮತ್ತು ಅಕ್ಕಪಕ್ಕದ ಹಳ್ಳಗಳು ಮುಚ್ಚಿಹೋಗಿ ಮಂಡಿ ಗುಂಡಗೆ ಕಾಣುತ್ತೆ, ಚರ್ಮ ಬಿಗಿಯುತ್ತೆ, ಕಾಲು ಪೂರ್ತಿ ಮಡಚೋಕೂ ಆಗಲ್ಲ, ನೀಟಾಗೋಕೂ ಆಗಲ್ಲ.

ಗಡಿಯಾರ ಹೇಳೋ ಸತ್ಯ

ಅಕೌಂಟ್ಸ್ ಬರೆದವರಿಗೆ ಗೊತ್ತು, ಮೊತ್ತ ಎಷ್ಟು ಮುಖ್ಯವೋ ದಿನಾಂಕನೂ ಅಷ್ಟೇ ಮುಖ್ಯ. ಇಲ್ಲೂ ಹಾಗೇ. ಮಂಡಿ ಎಷ್ಟು ಊದಿದೆ ಅನ್ನೋದರ ಜೊತೆಗೆ ಪೆಟ್ಟಾದ ಎಷ್ಟು ಹೊತ್ತಿಗೆ ಊದಿತು ಅನ್ನೋದನ್ನ ಗುರುತು ಇಟ್ಟುಕೊಳ್ಳಿ.

ಪೆಟ್ಟಾದ ಎರಡು ಗಂಟೆ ಆಸುಪಾಸಿನಲ್ಲೇ ಮಂಡಿ ಊದಿ ಬಿಗಿದುಕೊಂಡಿದ್ರೆ ಅದು ರಕ್ತ ಇರುವ ಸಾಧ್ಯತೆ ತುಂಬಾ ಹೆಚ್ಚು. ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಊದಿತ್ತು, ಅಥವಾ ಮಾರನೇ ದಿನ ನಿಧಾನಕ್ಕೆ ಊದ್ತಾ ಬಂತು ಅಂದ್ರೆ ಅದು ಸಾಮಾನ್ಯವಾಗಿ ಪೊರೆ ಕೆರಳಿ ಸುರಿಸಿದ ದ್ರವ. ನಮ್ಮ ಕಡೆ ‘ಮಂಡೀಲಿ ನೀರು ತುಂಬಿದೆ’ ಅಂತಾರಲ್ಲ, ಅದು. ಈ ಲೆಕ್ಕ ನೂರಕ್ಕೆ ನೂರು ಸರಿ ಹೋಗಲ್ಲ, ಆದ್ರೆ ಮೂಳೆ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಯಾಕೆ ಇಷ್ಟು ಮಹತ್ವ? 1980ರಲ್ಲಿ ಅಮೆರಿಕದ ಫ್ರಾಂಕ್ ನೋಯೆಸ್ ಮತ್ತು ಸಂಗಡಿಗರು ಪೆಟ್ಟಾದ ಮೇಲೆ ರಕ್ತ ತುಂಬಿದ್ದ 85 ಮಂಡಿಗಳ ಒಳಗೆ ಸಣ್ಣ ಕ್ಯಾಮೆರಾ ಹಾಕಿ, ಅಂದ್ರೆ ಆರ್ತ್ರೋಸ್ಕೋಪಿ ಮಾಡಿ ನೋಡಿದ್ರು. ಅದರಲ್ಲಿ ಶೇ 72ರಷ್ಟು ಮಂಡಿಗಳಲ್ಲಿ ಎಸಿಎಲ್ ಹರಿದಿತ್ತು, ಅರ್ಧ ಅಥವಾ ಪೂರ್ತಿ. ಕ್ರಿಕೆಟ್, ಫುಟ್‌ಬಾಲ್ ಸುದ್ದೀಲಿ ‘ಎಸಿಎಲ್ ಗಾಯ, ಸೀಸನ್‌ನಿಂದ ಹೊರಗೆ’ ಅಂತ ಓದ್ತೀವಲ್ಲ, ಅದೇ ಎಸಿಎಲ್. ಮಂಡಿಯ ಮಧ್ಯದಲ್ಲಿ ಅಡ್ಡಡ್ಡ ಹಾದುಹೋಗಿ ಎರಡೂ ಮೂಳೆಗಳನ್ನ ಹಿಡಿದಿಟ್ಟಿರೋ ಹುರಿ. ಇದಕ್ಕೆ ತನ್ನದೇ ರಕ್ತನಾಳ ಇದೆ, ಹಾಗಾಗಿ ಹರಿದಾಗ ರಕ್ತ ಸುರಿಯುತ್ತೆ.

ಉಳಿದ ಕಾರಣಗಳೂ ಇವೆ. ಮಂಡಿಚಿಪ್ಪು ಪಕ್ಕಕ್ಕೆ ಜಾರಿ ವಾಪಸ್ ಕೂತಿರಬಹುದು. ಹುಡುಗ ಹುಡುಗಿಯರಲ್ಲಿ, ಹದಿಹರೆಯದವರಲ್ಲಿ ಇದು ಸಾಮಾನ್ಯ. ಎರಡು ಮೂಳೆಗಳ ಮಧ್ಯೆ ಮೆತ್ತೆಯ ಹಾಗೆ ಇರುವ ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಸಂಚಾರ ಇದೆ. ಅಲ್ಲಿ ಹರಿದರೂ ರಕ್ತ ಬರುತ್ತೆ. ಇನ್ನೊಂದು, ಕೀಲಿನೊಳಗೇ ಮೂಳೆ ಬಿರುಕು ಬಿಟ್ಟಿರೋದು. ಬೈಕ್‌ನಿಂದ ಬಿದ್ದವರು, ಮೆಟ್ಟಿಲಿನಿಂದ ಜಾರಿದ ವಯಸ್ಸಾದವರಲ್ಲಿ ಇದನ್ನ ಮರೀಬಾರದು.

ಮೊದಲ ಎರಡು ಮೂರು ದಿನ

ಆಟ ನಿಲ್ಲಿಸಿ. ‘ಇನ್ನು ಹತ್ತೇ ನಿಮಿಷ ಇದೆ, ಆಡಿ ಮುಗಿಸ್ತೀನಿ’ ಅನ್ನೋ ಹಟ ಬೇಡ. ಹರಿದ ಹುರಿಯ ಮಂಡಿ ಮತ್ತೊಮ್ಮೆ ತಿರುಚಿಕೊಂಡ್ರೆ ಮೆನಿಸ್ಕಸ್ ಕೂಡ ಹೋಗಬಹುದು. ಭಾರ ಹಾಕಿದರೆ ನೋವು ಅಂದ್ರೆ ಹಾಕಬೇಡಿ, ಊರುಗೋಲು ಅಥವಾ ವಾಕರ್ ಹಿಡೀರಿ.

ಐಸ್ ಇಡಿ. ನೇರವಾಗಿ ಚರ್ಮದ ಮೇಲೆ ಬೇಡ, ಒದ್ದೆ ಟವೆಲ್‌ನಲ್ಲಿ ಸುತ್ತಿ 15–20 ನಿಮಿಷ. ಎರಡು ಮೂರು ಗಂಟೆ ಬಿಟ್ಟು ಮತ್ತೆ. ಐಸ್ ಇಲ್ಲ ಅಂದ್ರೆ ಹಾಲಿನ ಪ್ಯಾಕೆಟ್ ಫ್ರೀಜರ್‌ನಲ್ಲಿ ಇಟ್ಟು ತಗೊಳ್ಳಿ, ಕೆಲಸ ನಡೆಯುತ್ತೆ. ಐಸ್‌ನಿಂದ ಮುಖ್ಯವಾಗಿ ಆಗೋ ಉಪಕಾರ ನೋವು ಕಡಿಮೆ ಮಾಡೋದು. ಹರಿದದ್ದನ್ನ ಅದು ಕೂಡಿಸಲ್ಲ.

ಕ್ರೇಪ್ ಬ್ಯಾಂಡೇಜ್ ಕಟ್ಟಿ, ಹಿತವಾಗಿ. ಬೆರಳು ತಣ್ಣಗಾದ್ರೆ, ಜೋಮು ಹಿಡಿದ್ರೆ, ನೀಲಿ ಆದ್ರೆ ಕಟ್ಟು ಬಿಗಿಯಾಗಿದೆ ಅಂತ ಅರ್ಥ, ಸಡಿಲಿಸಿ. ಮಲಗಿಕೊಂಡು ಕಾಲ ಕೆಳಗೆ ಎರಡು ಮೂರು ದಿಂಬು ಇಟ್ಟು ಎದೆ ಮಟ್ಟಕ್ಕಿಂತ ಮೇಲಿರೋ ಹಾಗೆ ನೋಡಿಕೊಳ್ಳಿ. ಬರೀ ಮಂಡಿಯ ಕೆಳಗೆ ದಿಂಬು ಇಟ್ಟು ದಿನಗಟ್ಟಲೆ ಮಡಚಿಯೇ ಮಲಗಿದ್ರೆ ಆಮೇಲೆ ಕಾಲು ನೀಟಾಗೋದು ಕಷ್ಟ; ಹಿಮ್ಮಡಿಗೂ ಆಸರೆ ಇರಲಿ.

ಈಗ ಅಜ್ಜಿಯ ಎಣ್ಣೆ. ಅವರ ಕಾಳಜಿ ಬಗ್ಗೆ ಎರಡು ಮಾತಿಲ್ಲ. ಆದ್ರೆ ಒಳಗೆ ರಕ್ತ ಸೋರುತ್ತಿರುವ ಹೊತ್ತಲ್ಲಿ ಬಿಸಿ ಶಾಖ ಕೊಟ್ರೆ ರಕ್ತನಾಳ ಹಿಗ್ಗುತ್ತೆ, ತಿಕ್ಕಿದರೆ ಹೆಪ್ಪುಗಟ್ಟುತ್ತಿರುವ ಜಾಗ ಮತ್ತೆ ಕದಡುತ್ತೆ. ಮೊದಲ ಮೂರು ದಿನವಾದ್ರೂ ಬಿಸಿ ನೀರು, ಶಾಖ, ತೀಡೋದು, ‘ನರ ಎಳೆದು ಸರಿ ಮಾಡ್ತೀನಿ’ ಅಂತ ಜಗ್ಗೋದು, ಮದ್ಯ, ಇವೆಲ್ಲ ದೂರ ಇರಲಿ. ಅಜ್ಜಿಗೆ ಹೀಗೆ ಹೇಳಿ ನೋಡಿ: “ಕೈಯಲ್ಲಿ ಕುಯ್ದ ಗಾಯ ಇದ್ರೆ ಅದರ ಮೇಲೆ ತಿಕ್ತೀರಾ ಅಜ್ಜಿ? ಇದೂ ಗಾಯನೇ, ಒಳಗಿದೆ ಅಷ್ಟೇ.” ಚಿಕ್ಕಪ್ಪನಿಗೂ ಒಂದು ಮಾತು. ಬಿಗಿಯಾದ ಕಟ್ಟು ಹಾಕಿ ವಾರಗಟ್ಟಲೆ ಬಿಟ್ಟರೆ ಮಂಡಿ ಗಟ್ಟಿಯಾಗಿ ಬಿಗಿದುಕೊಳ್ಳುತ್ತೆ, ತೊಡೆ ಸ್ನಾಯು ಸೊರಗುತ್ತೆ. ಒಳಗೆ ಏನು ಹರಿದಿದೆ ಅಂತ ಮೇಲಿನ ಕಟ್ಟಿಗೆ ಗೊತ್ತಾಗಲ್ಲ.

ನೋವಿಗೆ ಪ್ಯಾರಸಿಟಮಾಲ್ ಮೊದಲ ಆಯ್ಕೆ, ಚೀಟಿಯಲ್ಲಿರೋ ಪ್ರಮಾಣ ಮೀರದ ಹಾಗೆ. ಆಸ್ಪಿರಿನ್ ನೋವಿನ ಮಾತ್ರೆ ಅಂತ ತಗೋಬೇಡಿ, ಅದು ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆಗಳನ್ನ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ಳೋ ಬದಲು ಡಾಕ್ಟರನ್ನ ಕೇಳಿ ತಗೊಳ್ಳಿ.

ಈಗಲೇ ಹೊರಡಬೇಕಾದ ಸಂದರ್ಭ

ಈ ಐದರಲ್ಲಿ ಯಾವುದಾದ್ರೂ ಒಂದು ಇದ್ರೆ ಬೆಳಿಗ್ಗೆ ತನಕ ಕಾಯಬೇಡಿ.

ಒಂದು, ಪಾದ ತಣ್ಣಗಿದೆ, ಬಿಳಿಚಿಕೊಂಡಿದೆ, ಸ್ಪರ್ಶ ಗೊತ್ತಾಗ್ತಿಲ್ಲ, ಬೆರಳು ಎತ್ತೋಕಾಗ್ತಿಲ್ಲ. ಮಂಡಿಯ ಹಿಂದೆ ದೊಡ್ಡ ರಕ್ತನಾಳ ಹಾದುಹೋಗುತ್ತೆ. ಬೈಕ್ ಅಪಘಾತದಂಥ ಜೋರು ಪೆಟ್ಟಿನಲ್ಲಿ ಕೀಲೇ ತಪ್ಪಿ, ತಾನಾಗೇ ವಾಪಸ್ ಕೂತು, ಆ ನಾಳಕ್ಕೆ ಏಟಾಗಿರಬಹುದು. ಇಲ್ಲಿ ಪ್ರತಿ ಗಂಟೆಯೂ ಲೆಕ್ಕ, ತಡ ಆದ್ರೆ ಕಾಲೇ ಉಳಿಯದೆ ಹೋಗಬಹುದು.

ಎರಡು, ಮಂಡಿಯ ಆಕಾರವೇ ಬದಲಾಗಿದೆ, ಅಥವಾ ಒಂದು ಕೋನದಲ್ಲಿ ಸಿಕ್ಕಿಹಾಕಿಕೊಂಡು ನೀಟಾಗುತ್ತಲೇ ಇಲ್ಲ.

ಮೂರು, ಮಲಗಿಕೊಂಡು ಕಾಲನ್ನ ನೀಟಾಗಿ ಮೇಲೆತ್ತೋಕೆ ಸಾಧ್ಯವೇ ಆಗ್ತಿಲ್ಲ. ತೊಡೆ ಸ್ನಾಯುವಿನ ಹುರಿ ಕಿತ್ತಿರಬಹುದು, ಮಂಡಿಚಿಪ್ಪು ಮುರಿದಿರಬಹುದು.

ನಾಲ್ಕು, ಜ್ವರ ಇದೆ, ಮಂಡಿ ಕೆಂಪಗೆ ಬಿಸಿಯಾಗಿದೆ. ಕೀಲಿನೊಳಗೆ ಸೋಂಕು ಆಗಿದ್ರೆ ಅದು ತುರ್ತು.

ಐದು, ಗಾಯಗೊಂಡವರಿಗೆ ಹಿಮೋಫಿಲಿಯಾ ಇದೆ, ಅಥವಾ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದಾರೆ. ಇವರ ವಿಷಯ ಕೊನೆಗೆ ಬಿಡಿಸಿ ಹೇಳ್ತೀನಿ.

‘ಎಕ್ಸ್‌ರೇ ನಾರ್ಮಲ್’ ಅಂದ್ರೆ ಏನು?

ಎಕ್ಸ್‌ರೇ ಯಾರಿಗೆ ಬೇಕು ಅನ್ನೋದಕ್ಕೆ ಕೆನಡಾದ ಒಟ್ಟಾವದ ವೈದ್ಯರು 1990ರ ದಶಕದಲ್ಲಿ ಸರಳ ನಿಯಮ ಮಾಡಿದ್ರು, ವಯಸ್ಕರಿಗಾಗಿ. ಗಾಯಾಳುವಿಗೆ 55 ಅಥವಾ ಮೇಲ್ಪಟ್ಟ ವಯಸ್ಸು. ಮಂಡಿಚಿಪ್ಪನ್ನ ಮಾತ್ರ ಒತ್ತಿದರೆ ನೋವು. ಮಂಡಿಯ ಹೊರಬದಿ ಕೆಳಗಿರೋ ಮೂಳೆ ಗುಬುಟು ಒತ್ತಿದರೆ ನೋವು. ಮಂಡಿಯನ್ನ 90 ಡಿಗ್ರಿವರೆಗೆ ಮಡಚೋಕಾಗಲ್ಲ. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯೋಕಾಗಲ್ಲ. ಇದರಲ್ಲಿ ಒಂದಿದ್ರೂ ಎಕ್ಸ್‌ರೇ ತೆಗೀಬೇಕು. ರಕ್ತ ತುಂಬಿ ಬಿಗಿದ ಮಂಡಿ ಸಾಮಾನ್ಯವಾಗಿ 90 ಡಿಗ್ರಿ ಮಡಚೋದೇ ಇಲ್ಲ, ಹಾಗಾಗಿ ಇಂಥವರಿಗೆ ಎಕ್ಸ್‌ರೇ ಬೇಕೇ ಬೇಕಾಗುತ್ತೆ.

ಆದ್ರೆ ಎಕ್ಸ್‌ರೇಗೆ ಕಾಣೋದು ಮೂಳೆ. ಎಸಿಎಲ್, ಮೆನಿಸ್ಕಸ್ ಅದರಲ್ಲಿ ಕಾಣಲ್ಲ. ‘ಮೂಳೆ ಮುರಿದಿಲ್ಲ’ ಅನ್ನೋ ಮಾತನ್ನ ‘ಏನೂ ಆಗಿಲ್ಲ’ ಅಂತ ಕೇಳಿಸಿಕೊಂಡು ಮನೆಗೆ ಹೋಗೋದೇ ನಮ್ಮಲ್ಲಿ ಹೆಚ್ಚು. ನಮ್ಮ ಕೇಳುಗರ ತಮ್ಮನ ವಿಷಯ ತಗೊಳ್ಳಿ: ತಿರುಗುವಾಗ ಪೆಟ್ಟು, ಟಪ್ ಶಬ್ದ, ಒಂದೂವರೆ ಗಂಟೇಲಿ ಊತ. ಈ ಮೂರೂ ಸೇರಿದರೆ ಎಕ್ಸ್‌ರೇ ಏನೇ ಹೇಳಲಿ, ಎಸಿಎಲ್ ಹರಿದಿದೆಯಾ ಅಂತ ಮೂಳೆ ತಜ್ಞರು ಪರೀಕ್ಷೆ ಮಾಡಿ ನೋಡಲೇಬೇಕು.

ಮೊದಲ ದಿನ ಆ ಪರೀಕ್ಷೆ ಕಷ್ಟ. ನೋವಿಗೆ ಸ್ನಾಯು ಬಿಗಿದಿರುತ್ತೆ, ಮಂಡಿ ಹಿಡಿಯೋಕೇ ಬಿಡಲ್ಲ. ಅದಕ್ಕೇ ‘ಒಂದು ವಾರ ಬಿಟ್ಟು ಬನ್ನಿ’ ಅಂತಾರೆ. ಈ ಎರಡನೇ ಭೇಟಿಯನ್ನ ತಪ್ಪಿಸಬೇಡಿ. ಊತ ಇಳಿದ ಮೇಲೆ ಮಂಡಿಯನ್ನ ಸ್ವಲ್ಪ ಮಡಚಿ ಕಣಕಾಲನ್ನ ಮುಂದಕ್ಕೆ ಎಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆ ಬಹಳಷ್ಟು ಹೇಳಿಬಿಡುತ್ತೆ. ಅನುಮಾನ ಗಟ್ಟಿಯಾದ್ರೆ ಎಂಆರ್‌ಐ. ಖಾಸಗಿಯಲ್ಲಿ ಅದಕ್ಕೆ ಸಾವಿರಾರು ರೂಪಾಯಿ ಆಗುತ್ತೆ, ಆದ್ದರಿಂದ ಊದಿದ ಮಂಡಿಗೆಲ್ಲ ನೀವೇ ಹೋಗಿ ಎಂಆರ್‌ಐ ಮಾಡಿಸಬೇಡಿ. ಪರೀಕ್ಷೆ ಮಾಡಿದ ವೈದ್ಯರು ಬರೆದುಕೊಟ್ಟರೆ ಮಾಡಿಸಿ. ಜಿಲ್ಲಾಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬೆಂಗಳೂರಿನವರಿಗೆ ಜಯನಗರದ ಸಂಜಯ ಗಾಂಧಿ ಆಸ್ಪತ್ರೆ, ಇಂಥ ಕಡೆ ಮೂಳೆ ವಿಭಾಗ ಇರುತ್ತೆ.

ಸೂಜಿ ಹಾಕಿ ರಕ್ತ ತೆಗೀಬೇಕಾ?

ಎಲ್ಲರಿಗೂ ಬೇಡ. ಸಣ್ಣ ಪ್ರಮಾಣದ ರಕ್ತವನ್ನ ದೇಹವೇ ಕೆಲವು ವಾರಗಳಲ್ಲಿ ಹೀರಿಕೊಳ್ಳುತ್ತೆ. ಮಂಡಿ ಬಿಗಿದು ಒಡೆಯೋ ಹಾಗಿದೆ, ನೋವಿಗೆ ನಿದ್ದೆ ಬರ್ತಿಲ್ಲ ಅಂದಾಗ ವೈದ್ಯರು ಸೂಜಿ ಹಾಕಿ ತೆಗೀತಾರೆ. ಒತ್ತಡ ಇಳಿದ ಕೂಡಲೇ ನೋವು ಎಷ್ಟೋ ಕಡಿಮೆ ಆಗುತ್ತೆ, ಮಂಡಿ ಪರೀಕ್ಷೆ ಮಾಡೋದೂ ಸುಲಭ ಆಗುತ್ತೆ.

ಇನ್ನೊಂದು ಲಾಭ, ಒಳಗೆ ಇರೋದೇನು ಅಂತ ಕಣ್ಣಿಗೇ ಕಾಣುತ್ತೆ. ತಿಳಿ ಹಳದಿ ಬಂದ್ರೆ ಕೆರಳಿದ ದ್ರವ. ಕೆಂಪಗೆ ಬಂದ್ರೆ ರಕ್ತ. ಕದಡಿದ ಕೀವಿನಂತಿದ್ರೆ ಸೋಂಕಿನ ಅನುಮಾನ, ಲ್ಯಾಬ್‌ಗೆ ಕಳಿಸ್ತಾರೆ. ರಕ್ತದ ಮೇಲೆ, ಸಾರಿನ ಮೇಲೆ ತೇಲೋ ಎಣ್ಣೆ ಹನಿಗಳ ಹಾಗೆ ಕೊಬ್ಬು ತೇಲ್ತಿದ್ರೆ ಎಲ್ಲೋ ಮೂಳೆ ಬಿರುಕು ಬಿಟ್ಟಿದೆ ಅಂತ ಸುಳಿವು, ಯಾಕಂದ್ರೆ ಆ ಕೊಬ್ಬು ಬರೋದು ಮೂಳೆಯ ಮಜ್ಜೆಯಿಂದ. ಮೊದಲ ಎಕ್ಸ್‌ರೇಯಲ್ಲಿ ಕಣ್ತಪ್ಪಿದ ಬಿರುಕು ಹೀಗೆ ಸಿಕ್ಕಿಬೀಳುತ್ತೆ.

ಅಪಾಯವೂ ಇದೆ. ಕೀಲಿನೊಳಗೆ ಸೂಜಿ ಹೋಗುತ್ತೆ ಅಂದ್ರೆ ಸೋಂಕು ಒಳಗೆ ಹೋಗೋ ಸಣ್ಣ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಇದು ಶುಚಿತ್ವ ಇರುವ ಜಾಗದಲ್ಲಿ, ಗೊತ್ತಿರುವ ವೈದ್ಯರ ಕೈಯಲ್ಲೇ ಆಗಬೇಕು. ಮತ್ತೆ ಇದನ್ನ ನೆನಪಿಡಿ: ರಕ್ತ ತೆಗೆದರೆ ಹರಿದದ್ದು ಕೂಡಿಕೊಳ್ಳಲ್ಲ. ‘ತೆಗೆಸಿದ್ವಿ, ಹಗುರ ಆಯ್ತು’ ಅಂತ ಮರುವಾರ ಮೈದಾನಕ್ಕೆ ಇಳಿಯೋದು ಬೇಡ.

ನಿದ್ದೆ ಹೋದ ಸ್ನಾಯು

ಕೀಲು ಊದಿದಾಗ ಮಿದುಳಿನಿಂದ ತೊಡೆಯ ಮುಂದಿನ ಸ್ನಾಯುವಿಗೆ ಹೋಗೋ ಆಜ್ಞೆ ತಗ್ಗಿಹೋಗುತ್ತೆ. ಸ್ನಾಯುವಿಗೆ ಪೆಟ್ಟೇ ಬಿದ್ದಿರಲ್ಲ, ಆದ್ರೂ ಅದು ಕೆಲಸ ಮಾಡಲ್ಲ. ಎರಡೇ ವಾರದಲ್ಲಿ ತೊಡೆ ಸಣ್ಣಗಾಗಿದ್ದು ಕಣ್ಣಿಗೆ ಕಾಣುತ್ತೆ. ನಮ್ಮ ಭಾನುವಾರದ ಟರ್ಫ್ ಫುಟ್‌ಬಾಲ್ ಗುಂಪಿನಲ್ಲೇ ಒಬ್ಬನ ಎರಡು ತೊಡೆಗೆ ಟೈಲರ್ ಟೇಪ್ ಹಿಡಿದು ನೋಡಿದ್ವಿ, ವ್ಯತ್ಯಾಸ ನೋಡಿ ಅವನೇ ಬೆಚ್ಚಿಬಿದ್ದ.

ಹಾಗಾಗಿ ಮೂಳೆ ಮುರಿದಿಲ್ಲ ಅಂತ ಖಾತ್ರಿ ಆಗಿ, ವೈದ್ಯರು ಒಪ್ಪಿದ ಮೇಲೆ, ವ್ಯಾಯಾಮ ಬೇಗ ಶುರು ಮಾಡ್ತಾರೆ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನ ಒತ್ತಿ ಐದು ಸೆಕೆಂಡ್ ಹಿಡಿದು ಬಿಡೋದು. ಕಾಲು ನೀಟಾಗಿಟ್ಟು ಎತ್ತೋದು. ಹಿಮ್ಮಡಿಯನ್ನ ಹಾಸಿಗೆ ಮೇಲೆ ಜಾರಿಸುತ್ತಾ ನಿಧಾನಕ್ಕೆ ಮಡಚೋದು. ಕೇಳೋಕೆ ಮಕ್ಕಳಾಟ ಅನಿಸುತ್ತೆ, ಆದ್ರೆ ಮುಂದೆ ಆಪರೇಷನ್ ಆಗಲಿ ಬಿಡಲಿ, ಬುನಾದಿ ಇದೇ.

ಆಪರೇಷನ್ ಬೇಕಾ? ಎಸಿಎಲ್ ಹರಿದವರೆಲ್ಲ ಮರುದಿನವೇ ಟೇಬಲ್ ಹತ್ತಬೇಕಿಲ್ಲ. ಸಾಮಾನ್ಯವಾಗಿ ಊತ ಇಳಿದು ಮಂಡಿ ಸಲೀಸಾಗಿ ಆಡೋ ತನಕ ಕಾಯ್ತಾರೆ, ಇಲ್ಲದಿದ್ರೆ ಆಮೇಲೆ ಮಂಡಿ ಬಿಗಿದುಕೊಳ್ಳೋ ಭಯ. ಸ್ವೀಡನ್‌ನಲ್ಲಿ 121 ಯುವ, ಚಟುವಟಿಕೆಯ ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇದೆ. ಅರ್ಧದಷ್ಟು ಜನಕ್ಕೆ ಬೇಗ ಆಪರೇಷನ್. ಉಳಿದವರಿಗೆ ಮೊದಲು ಫಿಸಿಯೋಥೆರಪಿ, ಬೇಕಾದ್ರೆ ಆಮೇಲೆ ಆಪರೇಷನ್. ಎರಡನೇ ಗುಂಪಿನ 59 ಜನರಲ್ಲಿ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 23 ಮಂದಿ. ಎರಡು ವರ್ಷದ ಕೊನೆಗೆ ಎರಡೂ ಗುಂಪಿನ ಮಂಡಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ವೃತ್ತಿಪರ ಆಟಗಾರರು ಅದರಲ್ಲಿ ಸೇರಿರಲಿಲ್ಲ ಅನ್ನೋದನ್ನೂ ಗಮನಿಸಿ. ಕಬಡ್ಡಿಯಂಥ ತಿರುಗುವ ಆಟಕ್ಕೇ ವಾಪಸ್ ಹೋಗಬೇಕು ಅನ್ನೋ ಹುಡುಗನಿಗೂ ಅಂಗಡಿ ನೋಡಿಕೊಳ್ಳೋ ನಲವತ್ತರ ವ್ಯಕ್ತಿಗೂ ಉತ್ತರ ಒಂದೇ ಆಗಲ್ಲ. ಸಿಕ್ಕಿಹಾಕಿಕೊಂಡ ಮೆನಿಸ್ಕಸ್, ಕೀಲಿನೊಳಗಿನ ಮೂಳೆ ಮುರಿತ ಇದ್ರೆ ಮಾತ್ರ ತಡ ಮಾಡಲ್ಲ.

ಪೆಟ್ಟು ಚಿಕ್ಕದು, ರಕ್ತ ಜಾಸ್ತಿ

ಈಗ ಆಗಲೇ ಹೇಳಿದ ಐದನೇ ಗುಂಪು. ಬಾಗಿಲಿಗೆ ತಗುಲಿದ್ದಕ್ಕೆ ಅಥವಾ ಏನೂ ತಗುಲದೆ ಮಂಡಿ ರಕ್ತ ತುಂಬಿ ಊದಿದ್ರೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಪರೀಕ್ಷೆ ಮಾಡಬೇಕು.

ಹಿಮೋಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅಥವಾ ಫ್ಯಾಕ್ಟರ್ 9 ಕಡಿಮೆ ಇರುತ್ತೆ. ಹುಟ್ಟಿನಿಂದ ಬರೋದು, ಬಹುತೇಕ ಗಂಡುಮಕ್ಕಳಲ್ಲಿ. ಅಂಬೆಗಾಲಿಡೋ, ನಡೆಯೋಕೆ ಕಲಿಯೋ ಮಗುವಿನ ಮಂಡಿ ಪದೇ ಪದೇ ಊದೋದನ್ನ ‘ಬಿದ್ದಿರಬೇಕು’ ಅಂತ ಬಿಡಬೇಡಿ, ಅದರಲ್ಲೂ ತಾಯಿಯ ಕಡೆ ಸೋದರಮಾವನಿಗೆ ಹೀಗೆ ಆಗಿದ್ರೆ. ಇವರಿಗೆ ನಿಯಮ ಒಂದೇ: ಮೊದಲು ಫ್ಯಾಕ್ಟರ್ ಇಂಜೆಕ್ಷನ್, ಆಮೇಲೆ ಎಕ್ಸ್‌ರೇ, ಸ್ಕ್ಯಾನ್ ಎಲ್ಲ. ಊತ ಕಾಣೋ ಮೊದಲೇ ಕೀಲಿನಲ್ಲಿ ಜುಮು ಜುಮು ಅನಿಸೋದು ಹಲವರಿಗೆ ಗೊತ್ತಾಗುತ್ತೆ, ಆಗಲೇ ಹೊರಡಬೇಕು. ಫ್ಯಾಕ್ಟರ್ ಕೊಡದೆ ಕೀಲಿಗೆ ಸೂಜಿ ಹಾಕಬಾರದು. ಜ್ವರ, ನೋವಿಗೆ ಸೊಂಟಕ್ಕೆ ಕೊಡೋ ಇಂಜೆಕ್ಷನ್ ಕೂಡ ಬೇಡ, ಆ ಸ್ನಾಯುವಿನೊಳಗೇ ರಕ್ತ ತುಂಬುತ್ತೆ.

ರಕ್ತ ಮತ್ತೆ ಮತ್ತೆ ಒಂದೇ ಕೀಲಿಗೆ ಬಂದ್ರೆ ಅದರಲ್ಲಿನ ಕಬ್ಬಿಣದ ಅಂಶ ಪೊರೆಯಲ್ಲಿ ಉಳಿದು, ಪೊರೆ ದಪ್ಪಗಾಗಿ, ಮೂಳೆ ತುದಿಯ ನುಣುಪಾದ ಕಾರ್ಟಿಲೇಜ್ ಸವೆಯುತ್ತೆ. ಶಾಲೆಗೆ ಹೋಗೋ ಹುಡುಗನ ಮಂಡಿ ಮುದುಕರ ಮಂಡಿ ಥರ ಆಗೋದು ಹೀಗೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇಂಥ ಕುಟುಂಬಗಳ ಜೊತೆ ವರ್ಷಗಳಿಂದ ಕೆಲಸ ಮಾಡ್ತಿದೆ. ಅದನ್ನ ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಅವರಿಗೆ ಸ್ವತಃ ಹಿಮೋಫಿಲಿಯಾ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾ ಸೇರಿದೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಫ್ಯಾಕ್ಟರ್ ಎಲ್ಲಿ, ಯಾವ ಹೊತ್ತಿಗೆ ಸಿಗುತ್ತೆ ಅಂತ ಪೆಟ್ಟು ಬೀಳೋ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಹೃದಯದ ವಾಲ್ವ್ ಅಥವಾ ಸ್ಟೆಂಟ್ ಹಾಕಿಸಿಕೊಂಡು ವಾರ್ಫರಿನ್, ಕ್ಲೊಪಿಡೊಗ್ರೆಲ್ ಥರದ ಮಾತ್ರೆ ತಗೊಳ್ಳೋ ಅಪ್ಪ ಅಮ್ಮಂದಿರೂ ಇದೇ ಸಾಲಿನವರು. ರಕ್ತ ಬಂತು ಅಂತ ಆ ಮಾತ್ರೆಯನ್ನ ಮನೇಲೇ ನಿಲ್ಲಿಸಬೇಡಿ, ಹೃದಯಕ್ಕೆ ಅಪಾಯ. ಮಾತ್ರೆ ಪಟ್ಟಿ ಕೈಯಲ್ಲಿ ಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಿ.

ಡಾಕ್ಟರ್ ಹತ್ತಿರ ಹೋಗೋವಾಗ

ಓಪಿಡಿಯಲ್ಲಿ ಸಿಗೋದು ಕೆಲವೇ ನಿಮಿಷ. ಒಂದು ಚೀಟಿಯಲ್ಲಿ ಇಷ್ಟು ಬರ್ಕೊಂಡು ಹೋಗಿ. ಪೆಟ್ಟು ಹೇಗೆ ಬಿತ್ತು, ತಿರುಚಿತಾ, ನೇರ ಏಟಾ? ಶಬ್ದ ಬಂತಾ? ಎಷ್ಟು ಹೊತ್ತಿಗೆ ಊದಿತು? ಆಮೇಲೆ ನಡೆದಿರಾ? ಮಂಡಿ ಸಿಕ್ಕಿಹಾಕಿಕೊಳ್ಳುತ್ತಾ, ಕುಸಿಯುತ್ತಾ? ಯಾವ ಮಾತ್ರೆ ತಗೊಳ್ತಿದ್ದೀರಿ? ಮನೇಲಿ ಯಾರಿಗಾದ್ರೂ ರಕ್ತ ನಿಲ್ಲದ ತೊಂದರೆ ಇದೆಯಾ? ಹೊರಡೋ ಮುಂಚೆ ನೀವು ಕೇಳಬೇಕಾದ್ದು ಎರಡು: “ಒಳಗೆ ಏನು ಹರಿದಿರಬಹುದು ಡಾಕ್ಟ್ರೇ?” ಮತ್ತೆ “ಮರುಪರೀಕ್ಷೆಗೆ ಯಾವತ್ತು ಬರಲಿ?”

ಆಟ ಆಡೋ ಮಕ್ಕಳಿರುವ ಮನೆಗೆ, ಶಾಲೆಯ ಪಿಇ ಮೇಷ್ಟ್ರಿಗೆ ಈ ಸಂಚಿಕೆ ಕಳಿಸಿ. ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ಮೆಸೇಜ್‌ನಲ್ಲಿ ಹಾಕ್ತಾ ಇರಿ. ಮುಂದಿನ ವಾರ ಸಿಗೋಣ, ಮಂಡಿ ಜೋಪಾನ. ನಮಸ್ಕಾರ.